ಯಾರ ಅಭ್ಯಂತರವೂ ಇಲ್ಲದ ಓಣಿ

ಮೊನ್ನೆ ಒಂಟಿಕೊಪ್ಪಲಿನ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಿತ್ತು. ಎರಡು ದಿನದಿಂದ ಮನೆಯಲ್ಲಿ ನೀರಿರಲಿಲ್ಲ. ಬಕೆಟ್ ಹಿಡಿದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಮುಂದಿದ್ದವರು ತಿರುಗಿ ನೋಡಿ, "ಮೇಡಂ, ನೀವ್ಯಾಕೆ ಅಲ್ಲಿ ನಿಂತ್ರಿ? ಬನ್ನಿ ಮುಂದಕ್ಕೆ" ಎಂದರು. ಎದುರು ಮನೆಯ ಕೆಲಸದಾಕೆ, ಯಾರೂ ಹೇಳದಿದ್ದರೂ, ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು. ನಾನು ಹೋದೆ. ತುಂಬಿಸಿಕೊಂಡೂ ಬಂದೆ. ಕಾದ ಸಿಮೆಂಟಿನ ಮೇಲೆ ನೀರು ಚೆಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ಬಕೆಟ್ ಕೆಳಗಿಟ್ಟೆ. ಗೇಟಿನ ಒಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಟ್ಟವಳು ನಾನು. ಮಕ್ಕಳಿಗೆ ನೂರು ಉದಾಹರಣೆ ಕೊಟ್ಟಿದ್ದೇನೆ. ನನಗೆ ಗೊತ್ತಿದ್ದ ಅತಿ ದೊಡ್ಡ ಉದಾಹರಣೆಯನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ.

ಅದು ಐವತ್ತಾರನೇ ಇಸವಿಯ ಬೇಸಿಗೆ. ನನಗೆ ಹತ್ತೊಂಬತ್ತು. ಬಿ.ಎ. ಎರಡನೆಯ ವರ್ಷ ಮುಗಿದಿತ್ತು. ಆಗ ನಾವು ಅಗ್ರಹಾರದ ಆಚೆಗಿನ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಓಣಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಅಪ್ಪ ನರಸೀಪುರದ ಕಡೆಯ ಒಕ್ಕಲು ಮನೆತನದವರು, ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವ್ವ ಇನ್ನೂ ಹಳ್ಳಿಯ ಹೆಂಗಸೇ. ಓಣಿಯಲ್ಲಿ ಇಪ್ಪತ್ತು–ಇಪ್ಪತ್ತೈದು ಮನೆ, ಎಲ್ಲ ಥರದವರೂ ಇದ್ದರು. ಮೂಲೆಯಲ್ಲಿ ಒಂದೇ ಒಂದು ಬೀದಿ ನಲ್ಲಿ. ಬೆಳಿಗ್ಗೆ ಆರಕ್ಕೆ ಬಂದ ನೀರು ಏಳೂವರೆ ಹೊತ್ತಿಗೆ ಸಣ್ಣಗಾಗಿ, ಎಂಟಕ್ಕೆ ನಿಂತುಹೋಗುತ್ತಿತ್ತು.

ನಮಗೆ ಮನಶ್ಶಾಸ್ತ್ರ ಹೇಳುತ್ತಿದ್ದ ಸುಬ್ಬರಾಯರು ರಜೆಗೆ ಮುಂಚೆ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಹಚ್ಚಿದ್ದರು. ನನ್ನ ಪಾಲಿಗೆ ಬಂದದ್ದು 'ನೆರೆಹೊರೆಯಲ್ಲಿ ನಾಗರಿಕ ಮನೋಭಾವ'. ಪ್ರಶ್ನೆಗಳನ್ನು ಅವರೇ ಸೈಕ್ಲೋಸ್ಟೈಲ್ ಮಾಡಿಸಿ ಕೊಟ್ಟಿದ್ದರು. ಬೀದಿ ದೀಪ ಕೆಟ್ಟರೆ ಯಾರಿಗೆ ತಿಳಿಸುತ್ತೀರಿ, ಕಸವನ್ನು ಎಲ್ಲಿ ಹಾಕುತ್ತೀರಿ, ಹೀಗೆ. ಅದರಲ್ಲಿ ಒಂದು ಪ್ರಶ್ನೆ: ಸಾರ್ವಜನಿಕ ಬಾವಿ, ನಲ್ಲಿಗಳನ್ನು ಎಲ್ಲ ಜಾತಿಯವರೂ ಬಳಸಬಹುದೇ? ಅಸ್ಪೃಶ್ಯತೆ ಆಚರಿಸುವುದು ಅಪರಾಧ ಎಂಬ ಕಾನೂನು ಅದರ ಹಿಂದಿನ ವರ್ಷವಷ್ಟೇ ಬಂದಿತ್ತು.

ಓಣಿಯ ಅಷ್ಟೂ ಮನೆಗೆ ಹೋದೆ. ಎಲ್ಲರೂ ಕೂರಿಸಿ, ಪಾನಕವೋ ಮಜ್ಜಿಗೆಯೋ ಕೊಟ್ಟು ಉತ್ತರ ಹೇಳಿದರು. ದಿನಸಿ ಅಂಗಡಿಯವರ ಹೆಂಡತಿ ಗೌರಮ್ಮನವರು ಶಿವಭಕ್ತೆ, ಬಲು ಮೃದು ಮಾತಿನವರು. "ಬಳಸ್ಲಿ ಕಣಮ್ಮ, ನೀರಿಗೇನು ಜಾತಿ? ನಮ್ಮ ಮಠದಲ್ಲೂ ಅದನ್ನೇ ಹೇಳೋದು" ಎಂದರು. ರಿಟೈರಾದ ಹೆಡ್‌ಮಾಸ್ಟರೊಬ್ಬರಿದ್ದರು. ಓಣಿಗೆಲ್ಲ ಅವರು ದೊಡ್ಡವರು. ನಮ್ಮಪ್ಪನ ಅರ್ಜಿಗಳ ಇಂಗ್ಲಿಷನ್ನು ತಿದ್ದಿಕೊಡುತ್ತಿದ್ದವರು. ಅವರು ಅರ್ಧ ಗಂಟೆ ಸಮಾನತೆಯ ಬಗ್ಗೆ ಮಾತಾಡಿದರು, ಎಷ್ಟು ಚೆನ್ನಾಗಿ ಎಂದರೆ ನಾನು ಬರೆದುಕೊಳ್ಳುವುದನ್ನೇ ಮರೆತು ಕೇಳುತ್ತಾ ಕೂತೆ. ಕಾಗದಗಳನ್ನು ಜೋಡಿಸಿಕೊಂಡು ಹೆಮ್ಮೆಯಿಂದ ಸುಬ್ಬರಾಯರ ಮನೆಗೆ ಹೋದೆ.

ಅವರು ಒಂದೊಂದೇ ಹಾಳೆ ತಿರುವಿ ನೋಡಿ ಕನ್ನಡಕ ತೆಗೆದಿಟ್ಟರು.

"ನಿಮ್ಮ ಓಣಿಯಲ್ಲಿ ಇಷ್ಟೊಂದು ಒಳ್ಳೆಯವರು ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ನಲ್ಲಿ ಹತ್ರ ಹೋಗಿ ನೋಡಿದ್ರಾ?"

"ನಾನು ದಿನಾ ಅಲ್ಲೇ ನೀರು ಹಿಡಿಯೋದು ಸಾರ್."

"ಹಿಡಿಯೋದು ಬೇರೆ. ಒಂದು ವಾರ ಸುಮ್ನೆ ಕೂತು ನೋಡಿ. ಯಾರು ಯಾವಾಗ ಬಂದ್ರು, ಯಾವಾಗ ತುಂಬಿಸ್ಕೊಂಡು ಹೋದ್ರು, ಅಷ್ಟೇ ಬರ್ಕೊಳ್ಳಿ."

ನೋಟ್‌ಬುಕ್ ಹಿಡಿದು ನಮ್ಮ ಜಗಲಿಯ ಮೇಲೆ ಕೂತೆ. ಎರಡನೆಯ ದಿನ ಕೆಂಪಮ್ಮ ಕಾಣಿಸಿದಳು. ಹತ್ತು ವರ್ಷದಿಂದ ಅದೇ ಓಣಿಯಲ್ಲಿದ್ದ ನನಗೆ ಅವಳು ಕಾಣಿಸಿದ್ದು ಆವತ್ತು. ಓಣಿಯ ಹಿಂದಿನ ಗುಡಿಸಲುಗಳಿಂದ ಬರುತ್ತಿದ್ದ ಹೆಂಗಸು ಅವಳು, ಮೂವತ್ತೈದರ ಆಸುಪಾಸು. ಎರಡು ಸೀಮೆಎಣ್ಣೆ ಡಬ್ಬಗಳಿಗೆ ಹಿಡಿ ಹೊಡೆಸಿ ಇಟ್ಟುಕೊಂಡಿದ್ದಳು. ಆರು ಗಂಟೆಗೆ ಎಲ್ಲರಿಗಿಂತ ಮುಂಚೆ ಬಂದು ಚರಂಡಿ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದಳು. ಒಬ್ಬೊಬ್ಬರೇ ಬಂದು ತುಂಬಿಸಿಕೊಂಡು ಹೋಗುತ್ತಿದ್ದರು. ಎಲ್ಲರದೂ ಮುಗಿದು ನಲ್ಲಿಯ ಬಳಿ ಯಾರೂ ಇಲ್ಲ ಎಂದಾಗ ಅವಳು ಹೋಗಿ ಡಬ್ಬ ಇಡುತ್ತಿದ್ದಳು. ಅಷ್ಟರಲ್ಲಿ ನೀರು ದಾರದಷ್ಟು ಸಣ್ಣಗಾಗಿರುತ್ತಿತ್ತು.

ಅವಳು ಹೊಸ ಮನೆಗಳ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಒಂಟಿಕೊಪ್ಪಲಿನ ಕಡೆ ಕಟ್ಟಡ, ನಡೆದೇ ಹೋಗಬೇಕು. ಎಂಟು ಗಂಟೆಗೆ ಮೇಸ್ತ್ರಿ ಹಾಜರಿ ಹಾಕುತ್ತಿದ್ದ. ತಡವಾದರೆ ವಾಪಸ್ಸು ಕಳಿಸುತ್ತಿದ್ದ. ನಾನು ನೋಡಿದ ಆ ವಾರದಲ್ಲಿ ಎರಡು ದಿನ ಅವಳು ನೀರು ಬಿಟ್ಟು ಕೆಲಸಕ್ಕೆ ಓಡಿದಳು, ಎರಡು ದಿನ ನೀರಿಗೆ ನಿಂತು ಕೆಲಸ ಕಳೆದುಕೊಂಡಳು.

ಒಂದು ದಿನ ಮರದ ಹತ್ತಿರ ಹೋಗಿ ಕೇಳಿದೆ. "ನಲ್ಲಿ ಮುಟ್ಬೇಡ ಅಂತ ಯಾರಾದ್ರೂ ಅಂದಿದ್ದಾರಾ ನಿಂಗೆ?"

"ಇಲ್ಲ ಕಣವ್ವಾರೇ. ಯಾರೂ ಏನೂ ಅನ್ನಲ್ಲ."

"ಮತ್ತೆ ಯಾಕೆ ಇಲ್ಲಿ ನಿಂತಿರ್ತೀಯ?"

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಅನ್ನಿಸ್ಕೊಳ್ಳೋಗಂಟ ಯಾಕ್ ಬುಡ್ಬೇಕು, ಅವ್ವಾರೇ?"

ಓಣಿಯ ಪ್ರತಿಯೊಬ್ಬರಿಗೂ 'ನೀವು' ಎನ್ನುತ್ತಿದ್ದ ನಾನು ಅವಳೊಬ್ಬಳನ್ನು 'ನೀನು' ಎಂದಿದ್ದೆ. ಅದು ನನಗೆ ಹೊಳೆದದ್ದು ಎಷ್ಟೋ ವರ್ಷಗಳಾದ ಮೇಲೆ.

ಮತ್ತೆ ಮನೆ ಮನೆಗೆ ಹೋದೆ. ಈ ಸಲ ಕಾಗದವಿಲ್ಲ, ಒಂದೇ ಪ್ರಶ್ನೆ. ಕೆಂಪಮ್ಮ ಸಾಲಿನಲ್ಲಿ ನಿಂತು ನೀರು ಹಿಡಿದರೆ ನಿಮಗೆ ಅಭ್ಯಂತರವಿದೆಯೇ? "ನಂಗೇನಮ್ಮ ಅಭ್ಯಂತರ? ಆ ಹೆಡ್‌ಮಾಸ್ಟರ ಮನೆಯವರು ಮಡಿ ಜನ, ಅವರು ಏನಂತಾರೋ" ಎಂದರು ಗೌರಮ್ಮ. ಹೆಡ್‌ಮಾಸ್ಟರು, "ನಮ್ಮದೇನೂ ಇಲ್ಲ. ಈ ಅಂಗಡಿಯವರು, ಒಕ್ಕಲಿನವರು, ಇವರಿಗೆಲ್ಲ ಇನ್ನೂ ತಿಳಿವಳಿಕೆ ಬರಬೇಕು" ಎಂದರು. ನಮ್ಮವ್ವ, "ನಾನೇನು ಬ್ಯಾಡ ಅಂದ್ನಾ? ಗೌರಮ್ಮ ಸುಮ್ಕಿರ್ತಾಳಾ ಕೇಳು ಹೋಗು" ಎಂದಳು. ಹೀಗೆ ಇಡೀ ಓಣಿ ಸುತ್ತಿದೆ. ಅಭ್ಯಂತರವಿದ್ದವರು ಎಲ್ಲ ಕಡೆಯೂ ಪಕ್ಕದ ಮನೆಯಲ್ಲೇ ಇದ್ದರು.

ಸುಬ್ಬರಾಯರು ಇದನ್ನು ಕೇಳಿ ನೆಟ್ಟಗೆ ಕೂತರು. "ನೋಡಿ, ಇದು ವಿಷಯ. ಪ್ರತಿಯೊಬ್ಬರೂ ಮಿಕ್ಕವರಿಗೆ ಹೆದರ್ತಾರೆ. ಮಿಕ್ಕವರು ಅಂದ್ರೆ ಯಾರು ಅಂತ ಯಾರೂ ಹೋಗಿ ನೋಡೋದಿಲ್ಲ. ಕಾನೂನು ಪುಸ್ತಕದಲ್ಲಿ ಬಂತು, ನಲ್ಲಿ ಹತ್ರ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಬರೀರಿ."

ಬರೆಯುವುದರಲ್ಲಿ ಏನಿದೆ ಎನ್ನಿಸಿತು ನನಗೆ. ಗಂಟು ಎಲ್ಲಿದೆ ಎಂದು ಗೊತ್ತಾಯಿತಲ್ಲ, ಬಿಚ್ಚಿಬಿಡಬಹುದು ಎಂದುಕೊಂಡೆ. ಮೂರನೆಯ ಸಲ ಮನೆ ಮನೆಗೆ ಹೋಗಿ, "ನಿಮ್ಮ ಹಾಗೇ ಎಲ್ಲರೂ ಹೇಳಿದ್ದಾರೆ, ಯಾರಿಗೂ ಏನೂ ಇಲ್ಲವಂತೆ" ಎಂದು ಹೇಳಿಬಂದೆ. "ಹೌದಾ? ಒಳ್ಳೇದಾಯ್ತು ಬಿಡಮ್ಮ" ಎಂದರು ಎಲ್ಲರೂ. ಆಮೇಲೆ ಕೆಂಪಮ್ಮನ ಹತ್ತಿರ ಹೋದೆ. "ನಾಳೆ ನೀನು ಮೊದಲು ಬಂದರೆ ಮೊದಲೇ ಹಿಡಿ. ಯಾರೂ ಏನೂ ಅನ್ನಲ್ಲ, ನಾನು ಎಲ್ಲರನ್ನೂ ಕೇಳಿದ್ದೀನಿ."

ಅವಳು ಡಬ್ಬಗಳನ್ನು ಕೆಳಗಿಟ್ಟಳು. "ನೀವು ನನ್ ಪಕ್ಕದಲ್ ನಿಂತಿರ್ತೀರಾ?"

"ನಿಂತಿರ್ತೀನಿ."

ಮರುದಿನ ನಿಂತೆ. ಅದನ್ನು ಇಲ್ಲವೆನ್ನುವುದಿಲ್ಲ. ಆರು ಗಂಟೆಗೆ ಕೆಂಪಮ್ಮ ನಲ್ಲಿಯ ಕೆಳಗೆ ಡಬ್ಬ ಇಟ್ಟಳು. ಹಿಂದೆ ಗೌರಮ್ಮ, ನಮ್ಮವ್ವ, ಇನ್ನೂ ಏಳೆಂಟು ಹೆಂಗಸರು. ಯಾರೂ ಒಂದು ಮಾತಾಡಲಿಲ್ಲ. ಗೌರಮ್ಮ ಮೆಲ್ಲಗೆ ಬಿಂದಿಗೆ ಎತ್ತಿಕೊಂಡು, ಏನೋ ಮರೆತವರಂತೆ ಮನೆ ಕಡೆ ತಿರುಗಿದರು. ಇನ್ನೊಬ್ಬರು ಹೋದರು. ಮತ್ತೊಬ್ಬರು. ನಮ್ಮವ್ವ ನನ್ನನ್ನು ನೋಡದೆ ಹೋದಳು. ನಲ್ಲಿಯ ಬಳಿ ಉಳಿದವರು ನಾವಿಬ್ಬರೇ. ನೀರು ಡಬ್ಬಕ್ಕೆ ಬೀಳುವ ಸದ್ದು ಓಣಿಯ ತುಂಬ ಕೇಳುತ್ತಿತ್ತು.

ಕೆಂಪಮ್ಮ ಎರಡೂ ಡಬ್ಬ ತುಂಬಿಸಿಕೊಂಡು ಹೊರಟಳು. ಅವಳು ಕಣ್ಮರೆಯಾದದ್ದೇ ತಡ, ಹೆಂಗಸರು ಮತ್ತೆ ಬಂದರು. ಮೊದಲು ಬಂದವಳು ನಮ್ಮವ್ವ. ಕೈಯಲ್ಲಿ ಹುಣಿಸೆಹಣ್ಣು, ಬೂದಿ. ನಲ್ಲಿಯ ಮೂತಿಯನ್ನು ತಿಕ್ಕಿ ತಿಕ್ಕಿ ತೊಳೆದಳು, ಕೆಳಗಿನ ಕಲ್ಲಿನ ಮೇಲೆ ನೀರು ಹುಯ್ದಳು, ಆಮೇಲೆ ಬಿಂದಿಗೆ ಇಟ್ಟಳು. ಗೌರಮ್ಮ ನೆಮ್ಮದಿಯಿಂದ ಅವಳ ಹಿಂದೆ ನಿಂತರು.

ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. "ನಿಂಗೆ ಅಭ್ಯಂತರ ಇಲ್ಲ ಅಂದ್ಯಲ್ಲವ್ವ!"

"ನಂಗ್ಯಾಕೆ ಕಣೇ? ನಾನು ತೊಳೀದೇ ಇದ್ದಿದ್ರೆ ಅವ್ರ್ಯಾರೂ ನೀರು ಹಿಡೀತಿರ್ಲಿಲ್ಲ. ನಾಕು ಜನದ ಮಧ್ಯ ಬಾಳಾಟ ಮಾಡೋಳು ನಾನು. ನೀನು ಪುಸ್ತಕ ಹಿಡ್ಕೊಂಡ್ ಹೊಂಟೋಯ್ತೀಯ." ಒಲೆಗೆ ಸೌದೆ ನೂಕುತ್ತ ಇನ್ನೊಂದು ಮಾತು ಸೇರಿಸಿದಳು: "ನಂಗೇನು ಅದು ಇಷ್ಟ ಅಂದ್ಕೊಂಡ್ಯಾ?"

ಸಿಟ್ಟು ಯಾರ ಮೇಲೆ ಮಾಡುವುದು? ಒಬ್ಬ ದುಷ್ಟ ಸಿಕ್ಕಿದ್ದರೆ ಅವನ ಜೊತೆ ಜಗಳವಾಡಬಹುದಿತ್ತು. ಆ ಓಣಿಯಲ್ಲಿ ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರೇ ಎಲ್ಲ.

ಮೂರು ದಿನ ಹಾಗೇ ನಡೆಯಿತು. ಕೆಂಪಮ್ಮ ಬರುವುದು, ಎಲ್ಲರೂ ಹೋಗುವುದು, ತೊಳೆಯುವುದು. ಆ ಮೂರು ದಿನ ಅವಳಿಗೆ ಹಾಜರಿ ತಪ್ಪಲಿಲ್ಲ. ನಾಲ್ಕನೆಯ ದಿನ ಅವಳು ಒಂದು ಡಬ್ಬವನ್ನು ಮನೆಗೆ ಒಯ್ದು ಇಟ್ಟುಬರುವಷ್ಟರಲ್ಲಿ, ನಲ್ಲಿಯ ಕೆಳಗಿದ್ದ ಇನ್ನೊಂದು ಡಬ್ಬ ಚರಂಡಿಯಲ್ಲಿ ಬಿದ್ದಿತ್ತು, ತಳ ಜಜ್ಜಿಹೋಗಿತ್ತು. "ಯಾರು ಮಾಡಿದ್ದು?" ಎಂದು ಅವಳು ಮನೆಗಳ ಕಡೆ ನೋಡಿ ಕೇಳಿದಳು. ಯಾರೋ ಏನೋ, ಕಾಣಲಿಲ್ಲ ಎಂದರು.

ನಾನು ಕಂಡಿದ್ದೆ. ಆವತ್ತು ನಲ್ಲಿಯ ಹತ್ತಿರ ಹೋಗಿರಲಿಲ್ಲ, ಕಿಟಕಿಯಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದೆ. ಹೆಡ್‌ಮಾಸ್ಟರು ಬೆಳಗಿನ ತಿರುಗಾಟ ಮುಗಿಸಿ ಬಂದವರು ಆ ಕಡೆ ಈ ಕಡೆ ನೋಡಿ, ಕೈಯಲ್ಲಿದ್ದ ಕೋಲಿನಿಂದ ಡಬ್ಬವನ್ನು ಚರಂಡಿಗೆ ತಳ್ಳಿದರು. ಆಮೇಲೆ ಚಪ್ಪಲಿ ಮೆಟ್ಟಿದ ಕಾಲಿನಲ್ಲೇ ಒಂದು ಸಲ ತುಳಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವವರ ಹಾಗಿದ್ದರು.

ಆ ಭಾನುವಾರ ಕೆಂಪಮ್ಮನ ಅಣ್ಣ ಸಿದ್ದಯ್ಯ ಅಶೋಕಪುರಂನಿಂದ ಬಂದ. ರೈಲ್ವೆಯಲ್ಲಿ ಕೆಲಸ, ಓದು ಬರಹ ಬಲ್ಲವನು, ಇಸ್ತ್ರಿ ಮಾಡಿದ ಅಂಗಿ. ನಮ್ಮ ಜಗಲಿಯ ಕೆಳಗೆ ನಿಂತು ಅಪ್ಪನಿಗೆ ಕೈ ಮುಗಿದ. ಆ ಕಾಲದಲ್ಲಿ ಅಂಥವರು ನಮ್ಮಂಥವರನ್ನು 'ಬುದ್ಧಿ' ಎಂದು ಕರೆಯುವುದು ರೂಢಿ. ಅವನು 'ಸಾರ್' ಎಂದ. ಅಪ್ಪನ ಹುಬ್ಬು ಸ್ವಲ್ಪ ಮೇಲೇರಿತು.

"ಸಾರ್, ಈಗ ಕಾನೂನು ಬಂದದೆ. ಅರ್ಜಿ ಬರ್ದಿವ್ನಿ. ಓಣಿಯವರ್ದು ಒಂದು ಸಾಕ್ಷಿ ಬೇಕು. ನಿಮ್ಮ ಮಗಳು ದಿನಾ ಕೂತ್ಕೊಂಡು ಬರ್ಕೊತಿದ್ರಂತೆ."

"ನಾನು ಸರ್ಕಾರಿ ನೌಕರ ಕಣಪ್ಪ. ಇಂಥದಕ್ಕೆಲ್ಲ ಹೆಸರು ಕೊಡಕ್ಕಾಗಲ್ಲ."

"ನಾನೂ ಸರ್ಕಾರದ ಕೆಲಸದೋನೇ, ಸಾರ್."

ಅಪ್ಪ ಎದ್ದು ಒಳಗೆ ಹೋದರು. ಸಿದ್ದಯ್ಯ ನನ್ನ ಕಡೆ ತಿರುಗಿದ. ನಾನು ಒಳಗಿನಿಂದ ನೋಟ್‌ಬುಕ್ ತಂದು ಚಾಚಿದೆ. "ಇದರಲ್ಲಿ ಎಲ್ಲ ಇದೆ. ದಿನ, ಗಂಟೆ, ಎಲ್ಲ. ತಗೊಂಡು ಹೋಗಿ. ನನ್ನ ಹೆಸರು ಮಾತ್ರ ಬೇಡ."

ಅವನು ಹಾಳೆ ತಿರುವಿ ನೋಡಿದ, ನಿಧಾನವಾಗಿ ಓದಿದ, ವಾಪಸ್ಸು ಕೊಟ್ಟ. "ಹೆಸರಿಲ್ದಿರೋ ಸಾಕ್ಷಿ ಎಲ್ಲಾದ್ರೂ ಉಂಟಾಮ್ಮ? ಡಬ್ಬ ತುಳ್ದೋರ್ನ ನೋಡುದ್ರಾ ನೀವು?"

"ಯೋಚನೆ ಮಾಡಿ ಹೇಳ್ತೀನಿ" ಎಂದೆ. ನೋಡಿದಿರಾ ಎಂದು ಕೇಳಿದರೆ ಅದರಲ್ಲಿ ಯೋಚನೆ ಮಾಡುವುದು ಏನಿರುತ್ತದೆ?

ಬುಧವಾರ ಮತ್ತೆ ಬಂದ. ಇನ್ನೂ ಎರಡು ದಿನ ಕೊಡಿ ಎಂದೆ. ಒಳಗೆ ಹೋಗಿ ಅಪ್ಪನಿಗೆ ಕಿಟಕಿಯಿಂದ ಕಂಡದ್ದನ್ನು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ತಡೆಯಲೂ ಇಲ್ಲ. "ಆ ಹೆಡ್‌ಮಾಸ್ಟರು ನನಗೆ ಎಷ್ಟು ಉಪಕಾರ ಮಾಡಿದಾರೆ ಗೊತ್ತಲ್ಲ. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು" ಎಂದರು. ಅವರು ಬೈದು ಬೇಡವೆಂದಿದ್ದರೆ ಹೋಗಿ ರುಜು ಹಾಕಿಬಿಡುತ್ತಿದ್ದೆನೇನೋ. ಈಗ ತೀರ್ಮಾನ ನನ್ನದೇ ಆಗಿಬಿಟ್ಟಿತು. ನಾಳೆಯಿಂದ ಓಣಿಯಲ್ಲಿ ನಡೆದುಹೋಗುವಾಗ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ಯಾವ ಬಾಗಿಲೂ ಇನ್ನೂ ಮುಚ್ಚಿರಲಿಲ್ಲ. ಓಣಿಯವರೆಲ್ಲ ಎಲ್ಲೂ ಇಲ್ಲದ ಮಿಕ್ಕವರಿಗೆ ಹೆದರುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದವಳೂ ನಾನೇ.

ಶನಿವಾರ ಸಿದ್ದಯ್ಯನ ದನಿ ಕೇಳಿದಾಗ ಹಿತ್ತಲಿಗೆ ಓಡಿದೆ. "ಇಲ್ಲ ಕಣಪ್ಪ, ಅವಳ ಸ್ನೇಹಿತೆ ಮನೆಗೆ ಹೋಗವ್ಳೆ" ಎಂದಳು ಅವ್ವ. ನಾನು ಹೇಳಿಕೊಟ್ಟ ಸುಳ್ಳು. ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಮೊದಲ ಮಳೆ ಅದೇ ಹೊತ್ತಿಗೆ ಬಂತು. ಅವನ ಚಪ್ಪಲಿ ಸದ್ದು ದೂರವಾಗುವವರೆಗೂ ನೆನೆಯುತ್ತ ಅಲ್ಲೇ ಇದ್ದೆ. ನಾಲ್ಕನೆಯ ಸಲ ಅವನು ಬರಲಿಲ್ಲ.

ಸಾಕ್ಷಿಯಿಲ್ಲದೆಯೇ ಅರ್ಜಿ ಹೋಯಿತು. ಕಾಲೇಜು ಶುರುವಾಗಿ ಎಷ್ಟೋ ವಾರವಾದ ಮೇಲೆ ಯಾವುದೋ ಕಚೇರಿಯಿಂದ ಒಬ್ಬ ಇನ್ಸ್‌ಪೆಕ್ಟರು ಬಂದರು. ಹೆಡ್‌ಮಾಸ್ಟರ ಮನೆಯಲ್ಲೇ ಕುರ್ಚಿ ಹಾಕಿ ಕಾಫಿ ಕೊಟ್ಟರು. "ಆ ಹೆಂಗಸು ನೀರು ಹಿಡಿಯೋದಕ್ಕೆ ಯಾರದಾದ್ರೂ ಅಭ್ಯಂತರ ಇದೆಯೇನ್ರೀ?" ಎಂದು ಅವರು ಕೇಳಿದರು. "ಇಲ್ಲವಲ್ಲ ಸ್ವಾಮಿ" ಎಂದಿತು ಓಣಿ. ಎಲ್ಲರ ಮುಖವೂ ನಿಜವನ್ನೇ ಹೇಳುತ್ತಿರುವವರ ಮುಖದ ಹಾಗಿತ್ತು. ಇನ್ಸ್‌ಪೆಕ್ಟರು ಬರೆದುಕೊಂಡರು. ನನ್ನ ಕಡೆಯೂ ನೋಡಿದರು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ನಾನು ನೆಲ ನೋಡಿದೆ.

ಆ ಮಳೆಗಾಲದಲ್ಲೇ ಓಣಿಯವರು ಒಬ್ಬರಾದ ಮೇಲೊಬ್ಬರು ಮನೆಗೆ ನಲ್ಲಿ ಹಾಕಿಸಿಕೊಂಡರು. ಮುಂಚೆ ಹತ್ತು ವರ್ಷ ಯಾರಿಗೂ ತೋಚದ ಕೆಲಸ ಅದು. ದಸರಾ ಕಳೆದು ಸ್ವಲ್ಪ ದಿನಕ್ಕೆ, ಬೀದಿ ನಲ್ಲಿಯ ಅಗತ್ಯ ಈಗಿಲ್ಲ, ಸುಮ್ಮನೆ ನೀರು ಪೋಲಾಗುತ್ತಿದೆ ಎಂದು ಓಣಿಯವರೇ ಅರ್ಜಿ ಬರೆದರು. ಒಳ್ಳೆಯ ಇಂಗ್ಲಿಷಿನಲ್ಲಿತ್ತು. ಎಲ್ಲರ ರುಜುವೂ ಇತ್ತು, ನಮ್ಮಪ್ಪನದೂ ಇತ್ತು. ಇಬ್ಬರು ಆಳುಗಳು ಬಂದು ಕೊಳವೆ ಕಿತ್ತು ಗುಂಡಿ ಮುಚ್ಚಿ ಹೋದರು. ಕೆಂಪಮ್ಮ ಆಮೇಲೆ ಎಲ್ಲಿಂದ ನೀರು ತರುತ್ತಿದ್ದಳೋ ನಾನು ಕೇಳಲಿಲ್ಲ.

ಬರೆದದ್ದಕ್ಕೆ ನನಗೆ ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಸುಬ್ಬರಾಯರು ಅದನ್ನು ಓದಿಸಿ ಕೇಳಿದರು. ಮಿಕ್ಕವರ ಭಯವನ್ನು ನಾನು ಬಲು ಚೆನ್ನಾಗಿ ವಿವರಿಸಿದ್ದೆ. ಕೋಲಿನ ಸಂಗತಿ ಅದರಲ್ಲಿರಲಿಲ್ಲ, ಹಿತ್ತಲಿನದೂ ಇರಲಿಲ್ಲ. ಮುಂದೆ ಎಂ.ಎ.ಗೆ ಸೀಟು, ಆಮೇಲೆ ಕೆಲಸ, ಎಲ್ಲಕ್ಕೂ ಆ ಬರಹವೇ ಮೆಟ್ಟಿಲಾಯಿತು.

ಮುಂದಿನ ವರ್ಷ ಚುನಾವಣೆ ಬಂತು. ನನಗೆ ಇನ್ನೂ ಓಟಿನ ವಯಸ್ಸಾಗಿರಲಿಲ್ಲ. ಅವ್ವನ ಜೊತೆಗೆಂದು ಹೋಗಿದ್ದೆ. ಒಂದು ಶಾಲೆಯಲ್ಲಿ ಮತಗಟ್ಟೆ. ಹೆಂಗಸರ ಸಾಲು ಬೇವಿನ ಮರದವರೆಗೂ ಬೆಳೆದಿತ್ತು. ನಾನು ಆಚೆ ಕಾಂಪೌಂಡಿನ ಕಟ್ಟೆಯ ಮೇಲೆ ಕೂತೆ. ನಮ್ಮವ್ವನ ಹಿಂದೆ ಬಂದು ನಿಂತವಳು ಕೆಂಪಮ್ಮ. ಅವಳ ಹಿಂದೆ ಗೌರಮ್ಮ.

ನಾನು ಅವರನ್ನೇ ನೋಡುತ್ತಿದ್ದೆ. ಅವ್ವ ಒಮ್ಮೆ ಹಿಂದೆ ನೋಡಿ, ಮುಂದೆ ತಿರುಗಿಕೊಂಡಳು. ಗೌರಮ್ಮ ಸೆರಗು ಸರಿಮಾಡಿಕೊಂಡರು. ಯಾರೂ ಸಾಲು ಬಿಡಲಿಲ್ಲ. ಒಬ್ಬ ಪೊಲೀಸಿನವನು ಬಂದು, "ಒತ್ತಿ ನಿಂತ್ಕೊಳ್ರಮ್ಮ, ಬಿಸಿಲು" ಎಂದ. ಎಲ್ಲರೂ ಒತ್ತಿ ನಿಂತರು. ಶಾಲೆಯ ಬಾಗಿಲಿಗೆ ಎತ್ತರದ ಮೆಟ್ಟಿಲು; ಗೌರಮ್ಮನಿಗೆ ಮಂಡಿ ನೋವು. ಹತ್ತುವಾಗ ಮುಂದಿದ್ದ ಕೆಂಪಮ್ಮನ ಹೆಗಲ ಮೇಲೆ ಕೈಯಿಟ್ಟು ಹತ್ತಿದರು. ಹತ್ತಿದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಇತ್ತು.

ಬೆರಳಿಗೆ ಮಸಿ ಹಾಕಿಸಿಕೊಂಡು ಮೊದಲು ಹೊರಗೆ ಬಂದವಳು ಕೆಂಪಮ್ಮ. ಅವ್ವ ಒಳಗೆ ಯಾರ ಜೊತೆಗೋ ಮಾತಿಗೆ ನಿಂತಿದ್ದಳು. ಕೆಂಪಮ್ಮ ನಾನು ಕೂತಿದ್ದಲ್ಲಿಗೆ ನೇರ ಬಂದಳು. ಆ ಬೇಸಿಗೆಯಾದ ಮೇಲೆ ನಾವು ಮುಖ ನೋಡಿದ್ದು ಅದೇ ಮೊದಲು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಹಗುರಾಗಬಹುದು ಎಂದೂ ಅನ್ನಿಸಿತು.

"ನೋಡುದ್ರಾ ಅವ್ವಾರೇ," ಎಂದಳು, ಸಾಲಿನ ಕಡೆ ಗದ್ದ ತೋರಿಸಿ. "ಇಲ್ಲಿ ಆಯ್ತದೆ."

ಅಷ್ಟೇ ಹೇಳಿ ಹೊರಟುಹೋದಳು. ಅವಳಿಗೆ ಆವತ್ತೂ ಕೆಲಸವಿತ್ತು.

ಅವ್ವ ಬಂದು ಪಕ್ಕದಲ್ಲಿ ನಿಂತಳು. ಬೆರಳಿನ ಮಸಿ ಸೀರೆಗೆ ತಗಲದಂತೆ ಕೈಯನ್ನು ದೂರ ಹಿಡಿದಿದ್ದಳು.

"ಏನಂದ್ಲು ಅವಳು?"

"ಏನಿಲ್ಲ" ಎಂದೆ.